ಹುಬ್ಬಳ್ಳಿಗೆ ಪ್ಲೇಗು ಲಸಿಕೆ ಕೊಟ್ಟ ಹಾಫ್‌ಕಿನ್

ಹುಬ್ಬಳ್ಳಿ: ದುರ್ಗದಬೈಲ್ ಎಂದರೆ ಹುಬ್ಬಳ್ಳಿಯ ಹಳೆಯ ಪೇಟೆಯ ಹೃದಯಭಾಗ. ಹಗಲೆಲ್ಲ ತರಕಾರಿ, ಬಟ್ಟೆ, ಬಳೆ, ಪಾತ್ರೆಗಳ ವ್ಯಾಪಾರ. ಸಂಜೆಯಾದರೆ ಗಿರ್ಮಿಟ್ ಮತ್ತು ಮಿರ್ಚಿ ಭಜಿಯ ಅಂಗಡಿಗಳ ಮುಂದೆ ಕಾಲಿಡಲು ಜಾಗವಿರದಷ್ಟು ಜನ. ಊರಿನ ಸುಖದುಃಖಗಳೆಲ್ಲ ಮೊದಲು ಮುಟ್ಟುವುದು ಇಂತಹ ಪೇಟೆಗಳಿಗೇ. 1898ರಲ್ಲಿ ಪ್ಲೇಗು ಮಾರಿ ಹುಬ್ಬಳ್ಳಿಯನ್ನು ಆವರಿಸಿದಾಗ ವಾರಕ್ಕೆ ನೂರಾರು ಮಂದಿ ಸಾಯುತ್ತಿದ್ದ ದಿನಗಳನ್ನು ಈ ಊರು ಕಂಡಿತು.

ಅದೇ ವರ್ಷ ಹುಬ್ಬಳ್ಳಿಯಲ್ಲಿ ಮತ್ತೊಂದು ಸಂಗತಿಯೂ ನಡೆಯಿತು. ಮೇ ತಿಂಗಳಿನಿಂದ ಸೆಪ್ಟೆಂಬರ್ ಅಂತ್ಯದವರೆಗೆ, ಸುಮಾರು 50 ಸಾವಿರ ಜನಸಂಖ್ಯೆಯ ಊರಿನಲ್ಲಿ 35 ಸಾವಿರಕ್ಕೂ ಹೆಚ್ಚು ಮಂದಿ ಒಂದು ಹೊಸ ಲಸಿಕೆಯನ್ನು ಚುಚ್ಚಿಸಿಕೊಂಡರು. ಆ ಲಸಿಕೆಗೆ ಆಗ ಕೇವಲ ಒಂದೂವರೆ ವರ್ಷ ವಯಸ್ಸು. ಒಂದೇ ಊರಿನ ಬಹುಪಾಲು ಜನರಿಗೆ ಪ್ಲೇಗು ಲಸಿಕೆ ಹಾಕಿದ ಆರಂಭದ ನಿದರ್ಶನಗಳಲ್ಲಿ ಹುಬ್ಬಳ್ಳಿಯದು ಪ್ರಮುಖವಾದುದು.

ಆ ಲಸಿಕೆಯನ್ನು ರೂಪಿಸಿದವರು ವಾಲ್ಡೆಮರ್ ಹಾಫ್‌ಕಿನ್. ಅವರು ವೈದ್ಯರಲ್ಲ, ಪ್ರಾಣಿಶಾಸ್ತ್ರಜ್ಞ. ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿದ ಯಹೂದಿ. ಕಾಲರಾ ಮತ್ತು ಪ್ಲೇಗು ಎಂಬ ಎರಡು ಮಹಾಮಾರಿಗಳಿಗೆ ಲಸಿಕೆ ತಯಾರಿಸಿ, ಎರಡನ್ನೂ ಮೊದಲು ತಮ್ಮ ದೇಹದ ಮೇಲೆಯೇ ಪ್ರಯೋಗಿಸಿಕೊಂಡವರು. ಲಕ್ಷಾಂತರ ಭಾರತೀಯರ ಜೀವ ಉಳಿಸಿದ ಈ ವಿಜ್ಞಾನಿ, ಒಂದು ಸೀಸೆ ಲಸಿಕೆ ಕಲುಷಿತಗೊಂಡ ಕಾರಣಕ್ಕೆ ಹುದ್ದೆಯನ್ನೂ ಹೆಸರನ್ನೂ ಕಳೆದುಕೊಂಡು ಐದು ವರ್ಷ ನ್ಯಾಯಕ್ಕಾಗಿ ಕಾಯಬೇಕಾಯಿತು.

ಒಡೆಸ್ಸಾದ ವಿದ್ಯಾರ್ಥಿ

ಹಾಫ್‌ಕಿನ್ ಜನಿಸಿದ್ದು 1860ರ ಮಾರ್ಚ್ 15ರಂದು, ಇಂದಿನ ಉಕ್ರೇನ್‌ನಲ್ಲಿರುವ ಕಪ್ಪು ಸಮುದ್ರ ತೀರದ ಒಡೆಸ್ಸಾ ನಗರದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅವರಿಗೆ ಗುರುವಾಗಿ ದೊರೆತವರು ಇಲ್ಯಾ ಮೆಚ್ನಿಕೋವ್. ದೇಹದೊಳಗೆ ನುಸುಳುವ ರೋಗಾಣುಗಳನ್ನು ರಕ್ತದ ಬಿಳಿಯ ಕಣಗಳು ನುಂಗಿ ನಾಶಪಡಿಸುತ್ತವೆ ಎಂಬುದನ್ನು ತೋರಿಸಿಕೊಟ್ಟು, 1908ರಲ್ಲಿ ನೊಬೆಲ್ ಪ್ರಶಸ್ತಿಗೆ ಪಾತ್ರರಾದ ವಿಜ್ಞಾನಿ ಅವರು.

ಅದು ರಷ್ಯಾದಲ್ಲಿ ತ್ಸಾರ್ ದೊರೆಗಳ ವಿರುದ್ಧ ಯುವಜನರು ಸಿಡಿದೇಳುತ್ತಿದ್ದ ಕಾಲ. ಹಾಫ್‌ಕಿನ್ ಕೂಡ ಕ್ರಾಂತಿಕಾರಿ ಗುಂಪುಗಳ ಸಂಪರ್ಕಕ್ಕೆ ಬಂದು ಹಲವು ಬಾರಿ ಬಂಧನಕ್ಕೊಳಗಾದರು. ಯಹೂದಿಗಳ ಮೇಲೆ ದಾಳಿಗಳು ನಡೆದಾಗ ರಕ್ಷಣಾ ತಂಡದಲ್ಲಿ ನಿಂತು ಹೋರಾಡಿದರು. ಪದವಿ ಪಡೆದರೂ ಯಹೂದಿ ಎಂಬ ಕಾರಣಕ್ಕೆ ಪ್ರಾಧ್ಯಾಪಕ ಹುದ್ದೆಯ ಬಾಗಿಲು ಮುಚ್ಚಿತ್ತು. ಕೆಲವು ವರ್ಷ ಒಡೆಸ್ಸಾದ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ದುಡಿದ ಅವರು 1888ರಲ್ಲಿ ದೇಶ ಬಿಟ್ಟು ಜಿನೀವಾಕ್ಕೆ ಹೋದರು. ಮರುವರ್ಷ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಅವರಿಗೆ ಸಿಕ್ಕಿದ್ದು ಸಹಾಯಕ ಗ್ರಂಥಪಾಲಕನ ಕೆಲಸ. ಪುಸ್ತಕಗಳ ನಡುವೆ ಕೆಲಸ, ಬಿಡುವಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಸಂಶೋಧನೆ. ಇದೇ ಅವರ ದಿನಚರಿಯಾಯಿತು.

ಪ್ರಾಣಿಗಳಿಂದ ಮನುಷ್ಯರತ್ತ

ಆ ಹೊತ್ತಿಗೆ ಲೂಯಿ ಪಾಶ್ಚರ್ ಅವರ ದೊಡ್ಡ ಸಾಧನೆಗಳಲ್ಲಿ ಹಲವು ಪ್ರಾಣಿಗಳ ರೋಗಗಳಿಗೆ ಸಂಬಂಧಿಸಿದವಾಗಿದ್ದವು. ಕೋಳಿಗಳ ಕಾಲರಾ ರೋಗದ ಅಣುಜೀವಿಯನ್ನು ದುರ್ಬಲಗೊಳಿಸಿ ಚುಚ್ಚಿದರೆ ಕೋಳಿ ಸಾಯುವ ಬದಲು ರೋಗನಿರೋಧಕ ಶಕ್ತಿ ಪಡೆಯುತ್ತದೆ ಎಂಬುದನ್ನು ಅವರು ಕಂಡುಕೊಂಡಿದ್ದರು. 1881ರಲ್ಲಿ ಕುರಿಗಳನ್ನು ಎರಡು ಗುಂಪಾಗಿಸಿ ಒಂದಕ್ಕೆ ಮಾತ್ರ ಅಂಥ್ರಾಕ್ಸ್ ಲಸಿಕೆ ಹಾಕಿ, ಬಳಿಕ ಎರಡೂ ಗುಂಪುಗಳಿಗೆ ರೋಗಾಣು ಚುಚ್ಚಿ ಬಹಿರಂಗ ಪ್ರಯೋಗ ನಡೆಸಿದರು. ಲಸಿಕೆ ಪಡೆದ ಕುರಿಗಳು ಬದುಕಿದವು, ಪಡೆಯದ ಕುರಿಗಳು ಸತ್ತವು.

ಹೋಲಿಸಿ ನೋಡುವ ಈ ಕ್ರಮವನ್ನು ಮನುಷ್ಯರಲ್ಲಿ ಅಳವಡಿಸುವುದು ಸುಲಭವಲ್ಲ. ಮನುಷ್ಯರಿಗೆ ಬೇಕೆಂದೇ ರೋಗ ಅಂಟಿಸುವಂತಿಲ್ಲ. ಹಾಗಾಗಿ ರೋಗ ತಾನಾಗಿ ಹಬ್ಬಿರುವ ಸ್ಥಳಕ್ಕೆ ಹೋಗಬೇಕು, ಒಂದೇ ಮನೆಯಲ್ಲಿ ಒಂದೇ ನೀರು ಕುಡಿದು ಒಂದೇ ಗಾಳಿ ಉಸಿರಾಡುವವರಲ್ಲಿ ಕೆಲವರಿಗೆ ಲಸಿಕೆ ಹಾಕಿ ಉಳಿದವರೊಂದಿಗೆ ಹೋಲಿಸಬೇಕು. ಹಾಫ್‌ಕಿನ್ ಅವರ ಮುಂದಿನ ಬದುಕೆಲ್ಲ ಈ ಒಂದು ವಿಚಾರದ ಸುತ್ತ ಸಾಗಿತು.

ಗಿನಿಪಿಗ್‌ಗಳ ದೇಹದಲ್ಲಿ ಕಾಲರಾ ರೋಗಾಣುವನ್ನು ಮತ್ತೆ ಮತ್ತೆ ಸಾಗಿಸಿ, ಅದರ ತೀವ್ರತೆಯನ್ನು ಒಂದು ನಿಶ್ಚಿತ ಮಟ್ಟಕ್ಕೆ ತಂದು ಅವರು ಕಾಲರಾ ಲಸಿಕೆ ಸಿದ್ಧಪಡಿಸಿದರು. 1892ರ ಜುಲೈ 18ರಂದು ಅದನ್ನು ತಾವೇ ಚುಚ್ಚಿಕೊಂಡರು. ಜ್ವರ ಬಂತು, ಹೋಯಿತು. ಬಳಿಕ ಕೆಲವು ಸ್ನೇಹಿತರೂ ಮುಂದೆ ಬಂದರು. ಆದರೆ ಯುರೋಪಿನ ವಿಜ್ಞಾನ ವಲಯ ಸುಲಭವಾಗಿ ನಂಬಲಿಲ್ಲ. ಪರೀಕ್ಷೆ ನಡೆಯಬೇಕಾದುದು ಕಾಲರಾದ ತವರಿನಲ್ಲಿ. ಪ್ಯಾರಿಸ್‌ನಲ್ಲಿ ಬ್ರಿಟನ್‌ನ ರಾಯಭಾರಿಯಾಗಿದ್ದ, ಹಿಂದೆ ಭಾರತದ ವೈಸ್‌ರಾಯ್ ಆಗಿದ್ದ ಲಾರ್ಡ್ ಡಫರಿನ್ ಅವರ ನೆರವಿನಿಂದ ಹಾಫ್‌ಕಿನ್ 1893ರ ಮಾರ್ಚ್‌ನಲ್ಲಿ ಕಲ್ಕತ್ತಾ ತಲುಪಿದರು.

ಕಲ್ಕತ್ತಾದ ಬಸ್ತಿಗಳಲ್ಲಿ

ಕಲ್ಕತ್ತಾದ ಕೊಳೆಗೇರಿಗಳಲ್ಲಿ ಒಂದೇ ಕೊಳದ ನೀರನ್ನು ಸ್ನಾನಕ್ಕೂ ಬಟ್ಟೆ ಒಗೆಯಲೂ ಕುಡಿಯಲೂ ಬಳಸಲಾಗುತ್ತಿತ್ತು. ರೋಗಿಯ ಮಲ ನೀರಿಗೆ ಸೇರಿದರೆ ಸಾಕು, ಕಾಲರಾ ಇಡೀ ಬಸ್ತಿಗೆ ಹರಡುತ್ತಿತ್ತು. ಸೂಜಿ ಹಿಡಿದು ಬಂದ ಬಿಳಿಯನನ್ನು ಜನ ಮೊದಲು ಅನುಮಾನದಿಂದ ನೋಡಿದರು. ಕಲ್ಲೆಸೆದದ್ದೂ ಉಂಟು. ಬಂಗಾಳದ ವೈದ್ಯರು ಅವರ ಜತೆಗೆ ನಿಂತು ಮನೆ ಮನೆಗೆ ಹೋಗಿ ವಿವರಿಸತೊಡಗಿದ ಮೇಲೆ ಪರಿಸ್ಥಿತಿ ಬದಲಾಯಿತು. ಬಲವಂತ ಮಾಡುವಂತಿಲ್ಲ, ಒಪ್ಪಿದವರಿಗೆ ಮಾತ್ರ ಲಸಿಕೆ ಎಂಬುದು ಅವರ ನಿಯಮವಾಗಿತ್ತು. ಆಗ್ರಾ, ಅಸ್ಸಾಂನ ಚಹಾ ತೋಟಗಳು, ಸೈನ್ಯದ ಶಿಬಿರಗಳು, ಜೈಲುಗಳು ಹೀಗೆ ಉತ್ತರ ಭಾರತವನ್ನೆಲ್ಲ ಸುತ್ತಿ 1895ರ ಹೊತ್ತಿಗೆ ಸುಮಾರು 42 ಸಾವಿರ ಮಂದಿಗೆ ಕಾಲರಾ ಲಸಿಕೆ ಹಾಕಿದರು. ಕೊನೆಗೆ ಮಲೇರಿಯಾ ತಗುಲಿ, ಬಳಲಿ ಯುರೋಪಿಗೆ ಮರಳಿದರು.

1896ರಲ್ಲಿ ಮತ್ತೆ ಭಾರತಕ್ಕೆ ಬಂದಾಗ ಅವರಿಗಾಗಿ ಕಾದಿದ್ದುದು ಬೇರೊಂದು ಮಾರಿ.

ಮುಂಬೈಗೆ ಬಂದ ಮಾರಿ

1896ರ ಸೆಪ್ಟೆಂಬರ್‌ನಲ್ಲಿ ಮುಂಬೈ ಬಂದರಿನ ಬಳಿಯ ಮಾಂಡವಿ ಪ್ರದೇಶದಲ್ಲಿ ವೈದ್ಯ ಅಕಾಸಿಯೊ ವಿಯೇಗಸ್ ಪ್ಲೇಗನ್ನು ಗುರುತಿಸಿದರು. ಧಾನ್ಯದ ಗೋದಾಮುಗಳು ತುಂಬಿದ ಪ್ರದೇಶ ಅದು. ಎರಡು ವರ್ಷ ಮೊದಲು, 1894ರಲ್ಲಿ, ಹಾಂಗ್‌ಕಾಂಗ್‌ನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಈ ರೋಗದ ಅಣುಜೀವಿಯನ್ನು ಪತ್ತೆ ಮಾಡಿದ್ದರು. ಆದರೆ ಅದು ಒಬ್ಬರಿಂದ ಒಬ್ಬರಿಗೆ ಹೇಗೆ ದಾಟುತ್ತದೆ ಎಂಬುದು ತಿಳಿದಿರಲಿಲ್ಲ. ತೀವ್ರ ಜ್ವರ, ತೊಡೆಸಂದು ಅಥವಾ ಕಂಕುಳಲ್ಲಿ ಗಡ್ಡೆ, ಕೆಲವೇ ದಿನಗಳಲ್ಲಿ ಸಾವು. ಜನ ಲಕ್ಷಗಟ್ಟಲೆಯಲ್ಲಿ ಮುಂಬೈ ತೊರೆದರು. ಅವರೊಂದಿಗೆ ರೋಗವೂ ರೈಲು ಏರಿತು.

ಸರ್ಕಾರದ ಕ್ರಮ ಕಠೋರವಾಗಿತ್ತು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಜಾರಿಗೆ ಬಂತು. ಮನೆಗಳನ್ನು ಶೋಧಿಸುವುದು, ರೋಗಿಗಳನ್ನು ಎಳೆದೊಯ್ಯುವುದು, ಸಂಪರ್ಕಕ್ಕೆ ಬಂದವರನ್ನು ಪ್ರತ್ಯೇಕ ಶಿಬಿರಗಳಲ್ಲಿ ಇಡುವುದು, ಬಟ್ಟೆಬರೆ ಸುಡುವುದು ನಿತ್ಯದ ಸಂಗತಿಯಾಯಿತು. ಪುಣೆಯಲ್ಲಿ ಸೈನಿಕರು ಮನೆಯೊಳಗೆ ನುಗ್ಗಿದ್ದರಿಂದ ರೊಚ್ಚಿಗೆದ್ದ ಚಾಪೇಕರ್ ಸಹೋದರರು 1897ರ ಜೂನ್ 22ರ ರಾತ್ರಿ ಪ್ಲೇಗು ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿಸಿದರು. 1898ರ ಮಾರ್ಚ್‌ನಲ್ಲಿ ಮುಂಬೈಯಲ್ಲಿಯೇ ಗಲಭೆಗಳಾದವು. ರೋಗಕ್ಕಿಂತ ರೋಗ ತಡೆಯುವವರನ್ನು ಕಂಡರೇ ಜನ ಹೆದರುವಂತಾಗಿತ್ತು.

ತುಪ್ಪದ ಹನಿಯಲ್ಲಿ ಬೆಳೆದ ಲಸಿಕೆ

ಸರ್ಕಾರದ ಆದೇಶದಂತೆ 1896ರ ಅಕ್ಟೋಬರ್‌ನಲ್ಲಿ ಹಾಫ್‌ಕಿನ್ ಮುಂಬೈಗೆ ಬಂದರು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅವರಿಗೆ ದೊರೆತದ್ದು ಒಂದು ಕೊಠಡಿ ಮತ್ತು ಓಣಿಯಂತಹ ಜಾಗ. ಸಹಾಯಕ್ಕೆ ಒಬ್ಬ ಗುಮಾಸ್ತ, ಮೂವರು ಜವಾನರು. ಹಗಲಿರುಳು ದುಡಿದು ಮೂರೇ ತಿಂಗಳಲ್ಲಿ ಅವರು ಲಸಿಕೆ ಸಿದ್ಧಪಡಿಸಿದರು. ಸಹಾಯಕನೊಬ್ಬ ಕೆಲಸದ ಒತ್ತಡಕ್ಕೆ ಕುಸಿದ, ಇನ್ನಿಬ್ಬರು ಬಿಟ್ಟು ಹೋದರು ಎನ್ನಲಾಗಿದೆ.

ಲಸಿಕೆ ತಯಾರಿಸುವ ವಿಧಾನ ಸರಳವಾಗಿತ್ತು. ಮಾಂಸದ ತಿಳಿಸಾರಿನಲ್ಲಿ ಪ್ಲೇಗಿನ ರೋಗಾಣುಗಳನ್ನು ಬೆಳೆಸಬೇಕು. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ ರೋಗಾಣುಗಳು ಅವುಗಳಿಗೆ ಅಂಟಿಕೊಂಡು ಜೋತಾಡುವ ಎಳೆಗಳಂತೆ ಕೆಳಕ್ಕೆ ಬೆಳೆಯುತ್ತವೆ. ವಾರಗಳ ಬಳಿಕ ಅವುಗಳನ್ನು ಶಾಖದಿಂದ ಕೊಂದು, ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲ ಬೆರೆಸಿ ಸೀಸೆಗಳಿಗೆ ತುಂಬಬೇಕು. ಸತ್ತ ರೋಗಾಣು ರೋಗ ತರಲಾರದು, ಆದರೆ ದೇಹಕ್ಕೆ ಶತ್ರುವಿನ ಗುರುತು ಹಿಡಿಸಬಲ್ಲದು. ಹಿಂದೂ ಮತ್ತು ಮುಸ್ಲಿಮರಿಬ್ಬರ ಭಾವನೆಗಳನ್ನೂ ಗಮನದಲ್ಲಿಟ್ಟು ದನ ಮತ್ತು ಹಂದಿಯ ಮಾಂಸವನ್ನು ದೂರವಿರಿಸಿ ಆಡಿನ ಮಾಂಸ ಬಳಸಿದ್ದರು. ಲಸಿಕೆಯ ಯಶಸ್ಸಿಗೆ ಜನರ ವಿಶ್ವಾಸವೂ ಬೇಕು ಎಂಬುದನ್ನು ಅವರು ಕಲ್ಕತ್ತಾದಲ್ಲಿಯೇ ಅರಿತಿದ್ದರು.

1897ರ ಜನವರಿ 10ರಂದು ಹಾಫ್‌ಕಿನ್, ಮುಂದೆ ಜನರಿಗೆ ನೀಡಲಿದ್ದ ಪ್ರಮಾಣಕ್ಕಿಂತ ಹೆಚ್ಚಿನ ಲಸಿಕೆಯನ್ನು ತಾವೇ ಚುಚ್ಚಿಸಿಕೊಂಡರು. ಜ್ವರ, ನೋವು ಕಾಣಿಸಿಕೊಂಡರೂ ಕೆಲಸ ನಿಲ್ಲಿಸಲಿಲ್ಲ.

ಎಣಿಕೆಯೇ ಸಾಕ್ಷಿ

ಅದೇ ತಿಂಗಳ ಕೊನೆಯಲ್ಲಿ ಮುಂಬೈಯ ಬೈಕುಲಾ ಜೈಲಿನಲ್ಲಿ ಪ್ಲೇಗು ಕಾಣಿಸಿಕೊಂಡಿತು. ಸ್ವಇಚ್ಛೆಯಿಂದ ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಲಾಯಿತು. ಎಲ್ಲರಿಗೂ ಒಂದೇ ಊಟ, ಒಂದೇ ಕೆಲಸ, ಒಂದೇ ಛಾವಣಿ. ಲಸಿಕೆ ಪಡೆಯದ 172 ಮಂದಿಯಲ್ಲಿ 12 ಮಂದಿಗೆ ರೋಗ ಬಂದು 6 ಮಂದಿ ಸತ್ತರು. ಲಸಿಕೆ ಪಡೆದ 147 ಮಂದಿಯಲ್ಲಿ ಇಬ್ಬರಿಗೆ ರೋಗ ಬಂದರೂ ಯಾರೂ ಸಾಯಲಿಲ್ಲ.

1898ರ ಆರಂಭದಲ್ಲಿ ಬರೋಡಾ ಸಂಸ್ಥಾನದ ಉಂಧೇರಾ ಎಂಬ ಹಳ್ಳಿಯಲ್ಲಿ ಇನ್ನೂ ಸ್ಪಷ್ಟವಾದ ಪರೀಕ್ಷೆ ನಡೆಯಿತು. ಪ್ರತಿ ಮನೆಯಲ್ಲಿಯೂ ಅರ್ಧದಷ್ಟು ಮಂದಿಗೆ ಲಸಿಕೆ ಹಾಕಿ ಉಳಿದವರನ್ನು ಹಾಗೆಯೇ ಬಿಡಲಾಯಿತು. ಲಸಿಕೆ ಪಡೆದ 71 ಮಂದಿಯಲ್ಲಿ 8 ಮಂದಿಗೆ ರೋಗ ಬಂದು 3 ಮಂದಿ ಸತ್ತರು. ಪಡೆಯದ 64 ಮಂದಿಯಲ್ಲಿ 27 ಮಂದಿಗೆ ರೋಗ ಬಂದು 26 ಮಂದಿ ಸತ್ತರು. ಲಸಿಕೆ ಪರಿಪೂರ್ಣವಲ್ಲ ಎಂಬುದನ್ನೂ, ಆದರೆ ಸಾವನ್ನು ದೊಡ್ಡ ಪ್ರಮಾಣದಲ್ಲಿ ತಡೆಯಬಲ್ಲದು ಎಂಬುದನ್ನೂ ಈ ಅಂಕಿಗಳು ಒಟ್ಟಿಗೇ ಹೇಳಿದವು. ಮುಂಬೈಯಲ್ಲಿ ಮೂರನೆಯ ಆಗಾ ಖಾನ್ ಅವರು ಎಲ್ಲರೆದುರು ಲಸಿಕೆ ಚುಚ್ಚಿಸಿಕೊಂಡು ತಮ್ಮ ಅನುಯಾಯಿಗಳಿಗೆ ಮಾದರಿಯಾದರು. ಹಾಫ್‌ಕಿನ್ ಪ್ರಯೋಗಾಲಯಕ್ಕೆ ಜಾಗವನ್ನೂ ಒದಗಿಸಿದರು.

ಹುಬ್ಬಳ್ಳಿಯ ಐದು ತಿಂಗಳು

ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಜಿಲ್ಲೆಗೆ ಪ್ಲೇಗು ಕಾಲಿಟ್ಟದ್ದು 1897ರ ಕೊನೆಯ ಭಾಗದಲ್ಲಿ. ಹುಬ್ಬಳ್ಳಿ ಹತ್ತಿ ಮತ್ತು ಧಾನ್ಯದ ದೊಡ್ಡ ಮಾರುಕಟ್ಟೆ. ದಕ್ಷಿಣ ಮರಾಠಾ ರೈಲ್ವೆಯ ಕಾರ್ಯಾಗಾರ ಇಲ್ಲಿತ್ತು, ನೂಲಿನ ಗಿರಣಿಯೂ ಇತ್ತು. ಸರಕು, ಜನ ಎರಡೂ ಬಂದು ಹೋಗುವ ಊರಿಗೆ ರೋಗವನ್ನು ಬೇಲಿ ಕಟ್ಟಿ ತಡೆಯುವುದು ಅಸಾಧ್ಯವಾಗಿತ್ತು. ಪ್ಲೇಗು ಬಂದ ಊರುಗಳಲ್ಲಿ ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿ ಇರುವುದು ರೂಢಿಯಾಗಿತ್ತು. ಆದರೆ ಮುಂಗಾರು ಹೊಸ್ತಿಲಲ್ಲಿದ್ದಾಗ ಅರ್ಧ ಲಕ್ಷ ಜನರ ಊರನ್ನು ಬಯಲಿಗೆ ಸಾಗಿಸಿ ಉಳಿಸಿಕೊಳ್ಳುವುದು ಹೇಗೆ?

ಉಳಿದ ದಾರಿ ಲಸಿಕೆ. ಭಾರತೀಯ ವೈದ್ಯಕೀಯ ಸೇವೆಯ ಕ್ಯಾಪ್ಟನ್ ಲ್ಯೂಮನ್ ಅವರಿಗೆ ಹುಬ್ಬಳ್ಳಿಯ ಹೊಣೆ ಬಂತು. ಮುಂಬೈಯ ಹಾಫ್‌ಕಿನ್ ಪ್ರಯೋಗಾಲಯದಿಂದ ಲಸಿಕೆಯ ಸೀಸೆಗಳು ಹುಬ್ಬಳ್ಳಿಗೆ ಬಂದವು. 1898ರ ಮೇ 11ರಿಂದ ಚುಚ್ಚುಮದ್ದು ಆರಂಭವಾಯಿತು. ಮೊದಲ ಚುಚ್ಚುಮದ್ದಿನ ಕೆಲ ದಿನಗಳ ಬಳಿಕ ಎರಡನೆಯದು. ಚುಚ್ಚಿಸಿಕೊಂಡವರಿಗೆ ಒಂದೆರಡು ದಿನ ಜ್ವರ, ತೋಳು ಊತ. ಕೂಲಿ ಮಾಡಿ ಬದುಕುವವರಿಗೆ ಅದೂ ದೊಡ್ಡ ನಷ್ಟವೇ. ಆದರೂ ಜನ ಬಂದರು. ಲಸಿಕೆಯ ಪ್ರಮಾಣಪತ್ರ ಹೊಂದಿದವರಿಗೆ ಮುಂಬೈ ಪ್ರಾಂತ್ಯದಲ್ಲಿ ಪ್ರತ್ಯೇಕ ಶಿಬಿರಗಳ ಬಂಧನದಿಂದ ವಿನಾಯಿತಿ ಸಿಗುತ್ತಿದ್ದುದು ಒಂದು ಕಾರಣ. ಅಕ್ಕಪಕ್ಕದ ಮನೆಗಳಲ್ಲಿ ಯಾರು ಉಳಿದರು, ಯಾರು ಸತ್ತರು ಎಂಬುದನ್ನು ಕಣ್ಣಾರೆ ಕಂಡದ್ದು ಅದಕ್ಕಿಂತ ದೊಡ್ಡ ಕಾರಣ. ಮಹಿಳೆಯರಿಗೆ ಲಸಿಕೆ ಹಾಕುವ ಕೆಲಸದಲ್ಲಿ ಧಾರವಾಡ ಜಿಲ್ಲೆಗೆ ನಿಯುಕ್ತರಾಗಿದ್ದ ಮಹಿಳಾ ವೈದ್ಯರ ಪಾತ್ರವೂ ಇತ್ತು.

ಸೆಪ್ಟೆಂಬರ್ ಹೊತ್ತಿಗೆ ಲಸಿಕೆ ಪಡೆಯದವರ ಸಂಖ್ಯೆ ಊರಿನಲ್ಲಿ ಕೆಲವೇ ಸಾವಿರಕ್ಕೆ ಇಳಿದಿತ್ತು. ಆ ಸಣ್ಣ ಗುಂಪಿನಲ್ಲಿಯೇ ಸಾವಿನ ಪ್ರಮಾಣ ಅತಿ ಹೆಚ್ಚಾಗಿತ್ತು. ಗಿರಣಿ ಕಾರ್ಮಿಕರು ಮತ್ತು ರೈಲ್ವೆ ನೌಕರರ ನಡುವಿನ ಲೆಕ್ಕವನ್ನು ಪ್ರತ್ಯೇಕವಾಗಿ ಇಡಲಾಗಿತ್ತು. ಅಲ್ಲಿಯೂ ಎರಡು ಬಾರಿ ಲಸಿಕೆ ಪಡೆದವರ ಸ್ಥಿತಿ ಇತರರಿಗಿಂತ ಬಹಳ ಉತ್ತಮವಾಗಿತ್ತು. ಹಾಫ್‌ಕಿನ್ ತಮ್ಮ ಲಸಿಕೆಯ ಪರವಾಗಿ ಮುಂದಿಟ್ಟ ದೊಡ್ಡ ಆಧಾರಗಳಲ್ಲಿ ಹುಬ್ಬಳ್ಳಿಯೂ ಒಂದಾಯಿತು.

ಅಂಕಿಗಳ ಬಗ್ಗೆ ಆಕ್ಷೇಪಗಳೂ ಬಂದವು. ಜನ ಊರು ಬಿಟ್ಟು ಹೋಗುತ್ತ, ಮರಳಿ ಬರುತ್ತ ಇದ್ದುದರಿಂದ ಲಸಿಕೆ ಪಡೆಯದವರು ನಿಜವಾಗಿ ಎಷ್ಟು ಮಂದಿ ಎಂಬುದನ್ನು ಖಚಿತವಾಗಿ ಹೇಳುವುದು ಕಷ್ಟವಾಗಿತ್ತು. 1898ರಲ್ಲಿ ನೇಮಕಗೊಂಡ ಭಾರತೀಯ ಪ್ಲೇಗು ಆಯೋಗ ಎಣಿಕೆಯ ದೋಷಗಳನ್ನು ಎತ್ತಿ ತೋರಿಸಿತು. ಆದರೆ ಲಸಿಕೆಯಿಂದ ರೋಗ ತಗಲುವ ಸಾಧ್ಯತೆಯೂ ಸಾವೂ ಗಣನೀಯವಾಗಿ ತಗ್ಗುತ್ತವೆ ಎಂಬ ಮೂಲ ನಿರ್ಣಯವನ್ನು ಒಪ್ಪಿತು.

ಅದೇ ವರ್ಷದ ಆಗಸ್ಟ್‌ನಲ್ಲಿ ರೋಗ ರೈಲು ಮಾರ್ಗವಾಗಿ ಹುಬ್ಬಳ್ಳಿ-ಧಾರವಾಡ ಕಡೆಯಿಂದ ಬೆಂಗಳೂರು ತಲುಪಿತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ನೆಲೆಗೊಳಿಸುವ ಅಗತ್ಯ ಎದ್ದು ಕಂಡು, ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಹಲವೆಡೆ ಪ್ಲೇಗಮ್ಮನ ಗುಡಿಗಳೂ ಎದ್ದವು.

ಇಲಿ, ಚಿಗಟ, ಮನುಷ್ಯ

ಹುಬ್ಬಳ್ಳಿಯಲ್ಲಿ ಚುಚ್ಚುಮದ್ದು ನಡೆಯುತ್ತಿದ್ದ ದಿನಗಳಲ್ಲಿಯೇ, 1898ರ ಜೂನ್‌ನಲ್ಲಿ, ಕರಾಚಿಯಲ್ಲಿದ್ದ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ ಪ್ಲೇಗಿನ ಒಗಟು ಬಿಡಿಸಿದರು. ಪ್ಲೇಗು ಮೂಲತಃ ಇಲಿಯಂತಹ ದಂಶಕ ಪ್ರಾಣಿಗಳ ರೋಗ. ರೋಗಪೀಡಿತ ಇಲಿಯ ರಕ್ತ ಹೀರಿದ ಚಿಗಟದ ಹೊಟ್ಟೆಯಲ್ಲಿ ರೋಗಾಣುಗಳು ಬೆಳೆಯುತ್ತವೆ. ಇಲಿ ಸತ್ತು ದೇಹ ತಣ್ಣಗಾದಾಗ ಚಿಗಟಗಳು ಅದನ್ನು ಬಿಟ್ಟು ಹೊಸ ಆಸರೆ ಹುಡುಕುತ್ತವೆ. ಇಲಿಗಳು ಕಡಿಮೆಯಾದಂತೆ ಮನುಷ್ಯರನ್ನು ಕಚ್ಚುತ್ತವೆ.

ಸಿಮೊಂಡ್ ಮಾತನ್ನು ಬಹುಮಂದಿ ಆಗ ಒಪ್ಪಲಿಲ್ಲ. 1905ರ ಬಳಿಕ ಮುಂಬೈಯ ಪರೇಲ್ ಪ್ರಯೋಗಾಲಯದಲ್ಲಿ ಗಿನಿಪಿಗ್‌ಗಳನ್ನು ಬಳಸಿ ನಡೆದ ವಿಸ್ತಾರವಾದ ಪ್ರಯೋಗಗಳು ಅದನ್ನು ಖಚಿತಪಡಿಸಿದವು. ಚಿಗಟಗಳು ತಲುಪದಂತೆ ರಕ್ಷಿಸಿದ ಪ್ರಾಣಿಗಳು ಪ್ಲೇಗಿನ ಮನೆಗಳಲ್ಲಿಯೂ ಉಳಿದವು, ರಕ್ಷಣೆಯಿಲ್ಲದವು ಸತ್ತವು.

ಧಾನ್ಯದ ಪೇಟೆಗಳಿಗೆ ಪ್ಲೇಗು ಮೊದಲು ಬರುತ್ತಿದ್ದುದೇಕೆ ಎಂಬುದು ಆಗ ಅರ್ಥವಾಯಿತು. ಇಲಿ ಬಿದ್ದ ಮನೆಯನ್ನು ತೊರೆಯಬೇಕೆಂಬ ಹಳ್ಳಿಗರ ತಿಳಿವಳಿಕೆ ಸರಿಯಾಗಿತ್ತು. ಮನುಷ್ಯರನ್ನಷ್ಟೇ ಶಂಕಿಸಿ, ಅವರ ಬಟ್ಟೆಬರೆ ಸುಟ್ಟು, ಇಲಿಗಳನ್ನು ಮರೆತ ಸರ್ಕಾರಿ ಕ್ರಮದ ಮುಖ್ಯ ಲೋಪವೂ ಬೆಳಕಿಗೆ ಬಂತು. ರೋಗ ಹರಡುವ ದಾರಿ ಗೊತ್ತಿಲ್ಲದ ಆ ಕಾಲದಲ್ಲಿ, ದಾರಿ ಯಾವುದೇ ಇರಲಿ ದೇಹದೊಳಗೆ ಕಾವಲು ನಿಲ್ಲಿಸುವ ಲಸಿಕೆ ಎಷ್ಟು ಅಮೂಲ್ಯವಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಮುಲ್ಕೋವಾಲ್ ದುರಂತ

1899ರಲ್ಲಿ ಹಾಫ್‌ಕಿನ್ ಪ್ರಯೋಗಾಲಯ ಪರೇಲ್‌ನ ಹಳೆಯ ಗವರ್ನರ್ ನಿವಾಸಕ್ಕೆ ಸ್ಥಳಾಂತರಗೊಂಡಿತು. ಅವರ ಕೀರ್ತಿ ಉತ್ತುಂಗದಲ್ಲಿತ್ತು. ಆದರೆ ಅಸಹನೆಯೂ ಹೊಗೆಯಾಡುತ್ತಿತ್ತು. ವೈದ್ಯಕೀಯ ಪದವಿಯಿಲ್ಲದ, ರಷ್ಯಾ ಮೂಲದ ಯಹೂದಿಯೊಬ್ಬರು ದೊಡ್ಡ ಸಂಸ್ಥೆಯ ಮುಖ್ಯಸ್ಥರಾಗಿರುವುದು ಅಧಿಕಾರಿ ವರ್ಗದ ಹಲವರಿಗೆ ಹಿಡಿಸಿರಲಿಲ್ಲ.

1902ರಲ್ಲಿ ಪಂಜಾಬ್ ಸರ್ಕಾರ ಬೃಹತ್ ಪ್ರಮಾಣದ ಲಸಿಕೆ ಕಾರ್ಯಕ್ರಮ ಕೈಗೊಂಡಿತು. ಭಾರಿ ಬೇಡಿಕೆ ಪೂರೈಸಲು ತಯಾರಿಕೆಯ ವಿಧಾನವನ್ನು ಬದಲಿಸಿ, ಕಾರ್ಬಾಲಿಕ್ ಆಮ್ಲವನ್ನು ಕೈಬಿಟ್ಟು ಶಾಖವನ್ನೇ ನೆಚ್ಚಲಾಯಿತು. ಅಕ್ಟೋಬರ್ 30ರಂದು ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿ ಲಸಿಕೆ ಪಡೆದರು. ಅವರಲ್ಲಿ ಒಂದು ನಿರ್ದಿಷ್ಟ ಸೀಸೆಯಿಂದ ಲಸಿಕೆ ಪಡೆದ 19 ಮಂದಿಗೆ ಕೆಲವೇ ದಿನಗಳಲ್ಲಿ ಧನುರ್ವಾಯು ಕಾಣಿಸಿಕೊಂಡಿತು. 19 ಮಂದಿಯೂ ಸತ್ತರು.

ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿ, ಜಾನುವಾರುಗಳ ಸಗಣಿಯಲ್ಲಿ ಇರುವಂತಹದು. ಅದು ಸೀಸೆಯೊಳಗೆ ಹೋದದ್ದು ಮುಂಬೈಯ ಪ್ರಯೋಗಾಲಯದಲ್ಲೋ, ಹಳ್ಳಿಯಲ್ಲಿ ಸೀಸೆ ತೆರೆಯುವಾಗಲೋ ಎಂಬುದೇ ಪ್ರಶ್ನೆ. ವಿಚಾರಣಾ ಆಯೋಗ ಪ್ರಯೋಗಾಲಯದತ್ತ ಬೆರಳು ತೋರಿಸಿತು. ಕಾರ್ಬಾಲಿಕ್ ಆಮ್ಲ ಬಿಟ್ಟದ್ದೇ ತಪ್ಪು ಎಂದಿತು. ಹಾಫ್‌ಕಿನ್ ಪ್ರಯೋಗಾಲಯದ ಹೊಣೆಯಿಂದ ದೂರವಾಗಿ 1904ರಲ್ಲಿ ಭಾರತ ಬಿಟ್ಟರು.

ಆದರೆ ವಿಚಾರಣೆಯ ದಾಖಲೆಗಳಲ್ಲಿಯೇ ಬೇರೆ ಕಥೆಯಿತ್ತು. ಮುಲ್ಕೋವಾಲ್‌ನಲ್ಲಿ ಆ ಸೀಸೆ ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು. ಅದನ್ನು ಕುದಿಸದೆ, ಔಷಧಿ ನೀರಿನಲ್ಲಿ ಅದ್ದಿ, ಅದರಿಂದಲೇ ಬಿರಡೆ ತೆಗೆಯಲಾಗಿತ್ತು. ಒಂದೇ ಬಾರಿಗೆ ತಯಾರಾದ ಲಸಿಕೆ ತುಂಬಿದ್ದ ಇತರ ಸೀಸೆಗಳಿಂದ ಬೇರೆಡೆ ಯಾರಿಗೂ ಅಪಾಯವಾಗಿರಲಿಲ್ಲ. ರೋಗಾಣು ವಾರಗಳ ಹಿಂದೆಯೇ ಸೀಸೆಯೊಳಗೆ ಸೇರಿದ್ದರೆ ತೆರೆದ ಕೂಡಲೇ ದುರ್ವಾಸನೆ ಬರಬೇಕಿತ್ತು. ಅಂತಹ ವಾಸನೆ ಇರಲಿಲ್ಲ.

ತಡವಾಗಿ ಬಂದ ನ್ಯಾಯ

ವಿಚಾರಣೆಯ ದಾಖಲೆಗಳು ಸರ್ಕಾರಿ ಗೆಜೆಟ್‌ನಲ್ಲಿ ಪ್ರಕಟವಾಗಲು 1906ರ ಕೊನೆಯವರೆಗೆ ಕಾಯಬೇಕಾಯಿತು. ಬಳಿಕ ಹಾಫ್‌ಕಿನ್ ಪರವಾಗಿ ದನಿ ಎತ್ತಿದವರಲ್ಲಿ ಮುಂಚೂಣಿಯಲ್ಲಿದ್ದವರು ರೊನಾಲ್ಡ್ ರಾಸ್. ಮಲೇರಿಯಾ ಸೊಳ್ಳೆಗಳಿಂದ ಹರಡುತ್ತದೆ ಎಂಬುದನ್ನು ಭಾರತದಲ್ಲಿಯೇ ಸಾಧಿಸಿ, 1902ರಲ್ಲಿ ನೊಬೆಲ್ ಪಡೆದವರು ಅವರು. 1907ರ ಜುಲೈನಲ್ಲಿ ಲಂಡನ್‌ನ ಟೈಮ್ಸ್ ಪತ್ರಿಕೆಯಲ್ಲಿ ಹತ್ತು ಮಂದಿ ಪ್ರಮುಖ ವಿಜ್ಞಾನಿಗಳ ಸಹಿಯುಳ್ಳ ಪತ್ರ ಪ್ರಕಟವಾಯಿತು. ನಿರಪರಾಧಿಯನ್ನು ಶಿಕ್ಷಿಸಿ ಇಡೀ ಫ್ರಾನ್ಸ್ ತಲೆತಗ್ಗಿಸುವಂತೆ ಮಾಡಿದ ಡ್ರೈಫಸ್ ಪ್ರಕರಣಕ್ಕೆ ಇದನ್ನು ಹೋಲಿಸಿದವರೂ ಇದ್ದರು. ಬ್ರಿಟಿಷ್ ಸಂಸತ್ತಿನಲ್ಲಿ ಪ್ರಶ್ನೆಗಳೆದ್ದವು. ಅದೇ ವರ್ಷದ ಕೊನೆಯಲ್ಲಿ ಸರ್ಕಾರ ಅವರನ್ನು ದೋಷಮುಕ್ತಗೊಳಿಸಿ ಮತ್ತೆ ಕೆಲಸಕ್ಕೆ ಕರೆಯಿತು.

ಆದರೆ ಕಳೆದುಹೋದುದು ಮರಳಿ ಬರಲಿಲ್ಲ. ಅವರು ಕಟ್ಟಿ ಬೆಳೆಸಿದ ಪರೇಲ್ ಪ್ರಯೋಗಾಲಯಕ್ಕೆ ಬೇರೆ ಮುಖ್ಯಸ್ಥರಿದ್ದರು. ಹಾಫ್‌ಕಿನ್ ಅವರನ್ನು ಕಲ್ಕತ್ತಾಕ್ಕೆ ಕಳುಹಿಸಲಾಯಿತು. ಅಲ್ಲಿ ಲಸಿಕೆ ಕಾರ್ಯಕ್ರಮ ನಡೆಸುವ ಅಧಿಕಾರ ಅವರಿಗಿರಲಿಲ್ಲ, ಸಂಶೋಧನೆಗಷ್ಟೇ ಸೀಮಿತವಾಗಬೇಕಾಯಿತು. ಪಂಜಾಬಿನಲ್ಲಿ ಮುಲ್ಕೋವಾಲ್ ಸುದ್ದಿ ಹಬ್ಬಿ ಲಸಿಕೆಯ ಮೇಲಿನ ನಂಬಿಕೆಗೆ ಭಾರಿ ಪೆಟ್ಟು ಬಿತ್ತು. ಮುಂದಿನ ವರ್ಷಗಳಲ್ಲಿ ಪ್ಲೇಗಿನಿಂದ ಅತಿ ಹೆಚ್ಚು ನಲುಗಿದ ಪ್ರಾಂತ್ಯಗಳಲ್ಲಿ ಪಂಜಾಬ್ ಒಂದು ಎಂಬುದು ಈ ಪ್ರಕರಣದ ಕಹಿ ಭಾಗ. ಒಂದು ಇಕ್ಕಳವನ್ನು ಕುದಿಸದ ನಿರ್ಲಕ್ಷ್ಯಕ್ಕೆ 19 ಜೀವಗಳು ಹೋದವು. ಅದರ ಹೊಣೆಯನ್ನು ಆತುರದಿಂದ ತಪ್ಪು ಸ್ಥಳದಲ್ಲಿ ಹೊರಿಸಿದ್ದಕ್ಕೆ ಲಸಿಕೆಯೇ ಕೆಟ್ಟದ್ದೆಂಬ ಭಾವನೆ ಬೇರೂರಿತು.

ಉಳಿದ ಹೆಸರು

1915ರಲ್ಲಿ, 55ನೇ ವಯಸ್ಸಿನಲ್ಲಿ ನಿವೃತ್ತರಾದ ಹಾಫ್‌ಕಿನ್ ಫ್ರಾನ್ಸ್‌ನಲ್ಲಿ ನೆಲೆಸಿದರು. ಅವಿವಾಹಿತರಾಗಿಯೇ ಉಳಿದ ಅವರು ಕೊನೆಯ ವರ್ಷಗಳಲ್ಲಿ ಯಹೂದಿ ಧರ್ಮದ ಆಚರಣೆಯಲ್ಲಿ ಹೆಚ್ಚು ತೊಡಗಿ, ತಮ್ಮ ಉಳಿತಾಯವನ್ನು ಪೂರ್ವ ಯುರೋಪಿನ ಯಹೂದಿ ಪಾಠಶಾಲೆಗಳಿಗೆ ಮೀಸಲಿಟ್ಟರು. 1928ರಲ್ಲಿ ಸ್ವಿಟ್ಜರ್ಲೆಂಡಿನ ಲೂಸಾನ್‌ಗೆ ಹೋದರು. 1930ರ ಅಕ್ಟೋಬರ್ 26ರಂದು ಅಲ್ಲಿಯೇ ನಿಧನರಾದರು.

ಅದಕ್ಕೂ ಐದು ವರ್ಷ ಮೊದಲು, 1925ರಲ್ಲಿ, ಪರೇಲ್ ಪ್ರಯೋಗಾಲಯಕ್ಕೆ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಡಲಾಯಿತು. ಆ ಹೊತ್ತಿಗೆ ಅಲ್ಲಿಂದ 2.6 ಕೋಟಿ ಪ್ಲೇಗು ಲಸಿಕೆಗಳು ಹೊರಹೋಗಿದ್ದವು. ಭಾರತೀಯ ಅಂಚೆ ಇಲಾಖೆ 1964ರಲ್ಲಿ ಅವರ ಚಿತ್ರವಿರುವ ಅಂಚೆ ಚೀಟಿ ಹೊರತಂದಿತು.

ಪ್ಲೇಗಿಗೆ ಈಗ ಪ್ರತಿಜೈವಿಕ ಔಷಧಿಗಳಿವೆ. ಬೇಗ ಗುರುತಿಸಿದರೆ ರೋಗಿ ಗುಣಮುಖನಾಗುತ್ತಾನೆ. ಹಾಫ್‌ಕಿನ್ ಲಸಿಕೆಯ ಕಾಲ ಮುಗಿದಿದೆ. ಆದರೆ ಪ್ರಾಣಿಗಳಿಂದ ಮನುಷ್ಯರಿಗೆ ದಾಟುವ ರೋಗಗಳ ಕಾಲ ಮುಗಿದಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬಿದ್ದಾಗ ಪತ್ತೆಯಾದ ಮಂಗನ ಕಾಯಿಲೆ, ಉಣ್ಣೆಗಳ ಮೂಲಕ ಮಲೆನಾಡಿನ ಜನರನ್ನು ಇಂದಿಗೂ ಕಾಡುತ್ತಿದೆ. ಪ್ಲೇಗಿನ ಕಾಲದಲ್ಲಿ ಸತ್ತ ಇಲಿ ನೀಡುತ್ತಿದ್ದ ಎಚ್ಚರಿಕೆಯನ್ನು ಇಲ್ಲಿ ಸತ್ತ ಮಂಗ ನೀಡುತ್ತದೆ. 2020ರಲ್ಲಿ ಕೋವಿಡ್ ಬಂದಾಗ ದೇಶ ಮತ್ತೆ ಕೈಗೆತ್ತಿಕೊಂಡದ್ದು ಪ್ಲೇಗಿನ ಕಾಲದ 1897ರ ಕಾಯ್ದೆಯನ್ನೇ. ಲಸಿಕೆಯ ಬಗ್ಗೆ ಆಗ ಎದ್ದ ಅನುಮಾನ, ವದಂತಿ, ಪ್ರಮಾಣಪತ್ರದ ಚರ್ಚೆ ಯಾವುದೂ ಹೊಸದಾಗಿರಲಿಲ್ಲ.

ಕಾನೂನಿನ ಬಲ ಪುಣೆಯಲ್ಲಿ ಜನರನ್ನು ದೂರ ತಳ್ಳಿತು. ಹುಬ್ಬಳ್ಳಿಯಲ್ಲಿ ಅಕ್ಕಪಕ್ಕದ ಮನೆಯವರು ಬದುಕುಳಿದದ್ದನ್ನು ಕಂಡ ಜನ ತಾವಾಗಿ ತೋಳು ಚಾಚಿದರು. ಮುಲ್ಕೋವಾಲ್‌ನಲ್ಲಿ ಆ ವಿಶ್ವಾಸ ಒಂದೇ ದಿನದಲ್ಲಿ ಒಡೆಯಿತು. ಲಸಿಕೆಯನ್ನು ಮೊದಲು ತಾನು ಪಡೆಯಬೇಕು, ಫಲಿತಾಂಶವನ್ನು ಎಣಿಸಿ ಎಲ್ಲರೆದುರು ಇಡಬೇಕು, ಒಪ್ಪಿದವರಿಗಷ್ಟೇ ಕೊಡಬೇಕು ಎಂಬ ನಿಯಮವನ್ನು ಹಾಫ್‌ಕಿನ್ ಕೊನೆಯವರೆಗೂ ಪಾಲಿಸಿದರು. 1898ರ ಆ ಐದು ತಿಂಗಳಲ್ಲಿ ಅವರ ಲಸಿಕೆಯಿಂದ ಬದುಕುಳಿದವರ ಮಕ್ಕಳು, ಮೊಮ್ಮಕ್ಕಳು ಈ ಊರಿನಲ್ಲಿ ಬೆಳೆದಿದ್ದಾರೆ. ಹುಬ್ಬಳ್ಳಿ ಅವರನ್ನು ನೆನೆಯಲು ಅಷ್ಟೇ ಸಾಕು.